ರಜೆಯಲ್ಲಿ ಓದಿದ ಸೇನಾ ವೈದ್ಯ

1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದ ರೊನಾಲ್ಡ್ ರಾಸ್ ಅವರಿಗೆ ವೈದ್ಯಶಾಸ್ತ್ರಕ್ಕಿಂತ ಕಾವ್ಯ, ಗಣಿತಗಳೇ ಪ್ರಿಯವಾಗಿದ್ದವು. ಅದಕ್ಕೂ ಮುನ್ನ ಒಂದು ಅರ್ಹತಾ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರೂ ಆಗಿದ್ದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ, ಬಂಗಲೆಯ ಬಳಿಯ ನೀರಿನ ತೊಟ್ಟಿಯನ್ನು ಬರಿದು ಮಾಡಿದರೆ ಸೊಳ್ಳೆಗಳು ಕಡಿಮೆಯಾಗುವುದನ್ನು ಕಂಡರು. ಮಿಕ್ಕ ತೊಟ್ಟಿಗಳನ್ನೂ ಬರಿದು ಮಾಡುವ ಸಲಹೆಗೆ ಸೇನಾಧಿಕಾರಿ ಒಪ್ಪಲಿಲ್ಲ.

ಕಂಡದ್ದನ್ನು ಅರಿಯಲು ಓದು ಬೇಕಿತ್ತು. 7 ವರ್ಷಗಳ ಸೇವೆಯ ಬಳಿಕ, 1888ರಲ್ಲಿ ರಜೆ ಪಡೆದು ಲಂಡನ್ನಿಗೆ ತೆರಳಿದ ರಾಸ್, ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಗಳಿಸಿದರು, ಪ್ರೊ. ಕ್ಲೈನ್ ಅವರಲ್ಲಿ ಬ್ಯಾಕ್ಟೀರಿಯಾಶಾಸ್ತ್ರ ಕಲಿತರು. 1894ರ ರಜೆಯಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರಾಸ್ ಅವರಿಗೆ ಮಲೇರಿಯಾ ಪರೋಪಜೀವಿಯನ್ನು ತೋರಿಸಿಕೊಟ್ಟರು. ಮರುವರ್ಷ ಸಿಕಂದರಾಬಾದಿನಲ್ಲಿ ಸಂಶೋಧನೆ ಆರಂಭವಾಗುತ್ತಿದ್ದಂತೆಯೇ ಕಾಲರಾ ನಿಯಂತ್ರಣಕ್ಕೆಂದು ಬೆಂಗಳೂರಿಗೆ ವರ್ಗವಾಯಿತು. ರಾಸ್ ಹಟ ಬಿಡಲಿಲ್ಲ. ಸಿಕಂದರಾಬಾದಿಗೆ ಮರಳಿ, 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಆ ಪರೋಪಜೀವಿಯನ್ನು ಪತ್ತೆಹಚ್ಚಿದರು. 1902ರಲ್ಲಿ ನೊಬೆಲ್ ಪ್ರಶಸ್ತಿ ಒಲಿಯಿತು. 1932ರಲ್ಲಿ ಅವರು ತೀರಿಕೊಂಡರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯುತ್ತಲೇ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದಬಯಸುವ ವೈದ್ಯರಿಗೆ ಬಿಡುವೆಂಬುದೇ ದುರ್ಲಭ. ಅವರ ಅಧ್ಯಯನ ರಜೆಯನ್ನು ಆಸ್ಪತ್ರೆಗೆ ನಷ್ಟವೆಂದು ಎಣಿಸುವವರು ರಾಸ್ ಅವರ ಬದುಕನ್ನೊಮ್ಮೆ ನೆನೆಯಬೇಕು.