ಯಂತ್ರಕ್ಕೂ ಪಾಠ ಹೇಳಬೇಕೆಂದ ಗಣಿತಜ್ಞ ಅಲನ್ ಟ್ಯೂರಿಂಗ್

ಯಂತ್ರವು ಮನುಷ್ಯನ ಮನಸ್ಸಿಗೆ ಸಮನಾಗಬಲ್ಲುದೇ ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ಯುಗದ ಆರಂಭದಲ್ಲೇ ಸ್ಪಷ್ಟವಾಗಿ ಎತ್ತಿದವರು ಅಲನ್ ಟ್ಯೂರಿಂಗ್. ಅವರ ಮನೆತನಕ್ಕೂ ನಮ್ಮ ಸೀಮೆಗೂ ನಂಟಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲವದು. ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಐಸಿಎಸ್ ಅಧಿಕಾರಿಯಾಗಿ ಬಳ್ಳಾರಿ, ಕರ್ನೂಲು ಜಿಲ್ಲೆಗಳಲ್ಲಿ ಸುತ್ತಾಡಿ ಬೇಸಾಯ, ನೀರಾವರಿಗಳ ವರದಿ ಬರೆದವರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದ ಎಂಜಿನಿಯರ್.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ನೌಕರಿಯ ಮೇಲೆ ಭಾರತದಲ್ಲಿದ್ದುದರಿಂದ ಅಲನ್ ಮತ್ತು ಅಣ್ಣ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದರು. ಶೆರ್ಬೋರ್ನ್ ಶಾಲೆಯಲ್ಲಿ ಅಲನ್‌ರ ಕೈಬರಹದ ಬಗ್ಗೆ ಶಿಕ್ಷಕರಿಗೆ ಸದಾ ಬೇಸರ. ಅಲ್ಲಿ ಸಿಕ್ಕ ಜೀವದ ಗೆಳೆಯ ಕ್ರಿಸ್ಟೋಫರ್ ಮಾರ್ಕಂ 1930ರಲ್ಲಿ ಕ್ಷಯದಿಂದ ತೀರಿಕೊಂಡರು. ದೇಹ ಅಳಿದ ಮೇಲೆ ಮನಸ್ಸು ಏನಾಗುತ್ತದೆ ಎಂಬ ಚಿಂತೆ ಅಂದಿನಿಂದ ಅವರನ್ನು ಕಾಡಿತು.

ಕೇಂಬ್ರಿಜ್‌ನಲ್ಲಿ ಓದಿದ ಟ್ಯೂರಿಂಗ್ 1936ರಲ್ಲಿ ಕಾಲ್ಪನಿಕ ಯಂತ್ರವೊಂದನ್ನು ವಿವರಿಸಿದರು. ಉದ್ದನೆಯ ಪಟ್ಟಿಯ ಮೇಲಿನ ಚಿಹ್ನೆಗಳನ್ನು ಅದು ಒಂದೊಂದಾಗಿ ಓದುತ್ತದೆ, ಅಳಿಸುತ್ತದೆ, ಬರೆಯುತ್ತದೆ. ಕಾಗದ, ಪೆನ್ಸಿಲ್ ಹಿಡಿದು ನಿಯಮದಂತೆ ಲೆಕ್ಕ ಮಾಡುವವರ ಕೆಲಸವೂ ಇಷ್ಟೇ ಎಂಬುದು ಅವರ ವಾದ. ಯಾವ ಯಂತ್ರವೂ ಬಿಡಿಸಲಾಗದ ಸಮಸ್ಯೆಗಳಿವೆ ಎಂದೂ ಅವರೇ ಸಾಧಿಸಿ ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎನಿಗ್ಮಾ ಗುಪ್ತಲಿಪಿಯನ್ನು ಭೇದಿಸಿದವರಲ್ಲಿ ಅವರು ಪ್ರಮುಖರು.

1950ರಲ್ಲಿ 'ಮೈಂಡ್' ಪತ್ರಿಕೆಗೆ ಬರೆದ ಲೇಖನದಲ್ಲಿ ಅವರೊಂದು ಪರೀಕ್ಷೆ ಸೂಚಿಸಿದರು. ಮರೆಯಲ್ಲಿರುವ ಮನುಷ್ಯನಿಗೂ ಯಂತ್ರಕ್ಕೂ ಬರವಣಿಗೆಯಲ್ಲೇ ಪ್ರಶ್ನೆ ಕೇಳಬೇಕು. ಉತ್ತರಗಳಿಂದ ಯಾರು ಯಾರೆಂದು ತಿಳಿಯದಿದ್ದರೆ, ಯಂತ್ರಕ್ಕೆ ಬುದ್ಧಿಯಿಲ್ಲ ಎನ್ನುವುದು ಹೇಗೆ? ಒಳಗೆ ಅನುಭವವೇ ಇಲ್ಲದ್ದು ಮನಸ್ಸಾದೀತೇ ಎಂಬ ಆಕ್ಷೇಪವನ್ನೂ ಅವರು ಬಿಡಲಿಲ್ಲ: ಇನ್ನೊಬ್ಬರ ಒಳಗನ್ನು ನಾವು ಕಂಡಿಲ್ಲ, ಆದರೂ ಅವರಿಗೆ ಮನಸ್ಸಿದೆ ಎಂದೇ ನಂಬಿ ನಡೆಯುತ್ತೇವೆ. ದೊಡ್ಡವರ ಮನಸ್ಸನ್ನು ನೇರವಾಗಿ ಕಟ್ಟುವ ಬದಲು ಮಗುವಿನಂಥ ಯಂತ್ರ ಮಾಡಿ, ಅದಕ್ಕೆ ಪಾಠ ಕಲಿಸಿ ಬೆಳೆಸುವುದು ಮೇಲೆಂದೂ ಅವರು ಸೂಚಿಸಿದರು.

ದೇಶಕ್ಕೆ ಇಷ್ಟು ದುಡಿದವರನ್ನು 1952ರಲ್ಲಿ ಸಲಿಂಗ ಸಂಬಂಧಕ್ಕಾಗಿ ನ್ಯಾಯಾಲಯ ಶಿಕ್ಷಿಸಿತು. ಜೈಲು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬ್ರಿಟನ್ನಿನ ರಾಣಿಯ ಕ್ಷಮಾದಾನ ಬಂದದ್ದು 2013ರಲ್ಲಿ.

ಇಂದಿನ ಯಂತ್ರಗಳು ಲಕ್ಷಗಟ್ಟಲೆ ಉದಾಹರಣೆಗಳಿಂದ ಕಲಿಯುತ್ತಿವೆ. ಅವು ಅರಿತು ಉತ್ತರಿಸುತ್ತವೆಯೋ, ಬಾಯಿಪಾಠ ಒಪ್ಪಿಸುತ್ತವೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಐವತ್ತು ವರ್ಷಗಳಿಂದ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಬಂದಿರುವ ನಮ್ಮ ಗುರುಗಳಿಗೆ ಈ ಪ್ರಶ್ನೆ ಹೊಸದಲ್ಲ.