ನಂದಗಡದ ಆಲದ ಮರ

ಆಗಸ್ಟ್ 15 ನಮ್ಮ ಧರ್ಮಸಭೆಗೆ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಮಹೋತ್ಸವ, ದೇಶಕ್ಕೆ ಸ್ವಾತಂತ್ರ್ಯೋತ್ಸವ. ಕನ್ನಡ ನಾಡಿಗೆ ಅದು ಮತ್ತೊಂದು ಸ್ಮರಣೆಯ ದಿನವೂ ಹೌದು. ಕಿತ್ತೂರಿನ ಕಲಿ ಸಂಗೊಳ್ಳಿ ರಾಯಣ್ಣನು 1796ರ ಆ ದಿನ ಜನಿಸಿದನೆಂದು ನಾಡು ನಂಬಿಕೊಂಡು ಬಂದಿದೆ. ಆತನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಆಗ ಆತನಿಗೆ ಮೂವತ್ತೈದು ತುಂಬಿರಲಿಲ್ಲ.

ತುಂಗಭದ್ರೆಯ ದಡದ ಹಲವಾಗಲಿನಿಂದ ಹಿಡಿದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಯವರೆಗೆ ರಾಯಣ್ಣನ ಹೆಸರು ಕೇಳದವರಿಲ್ಲ. ಆತನು ಕ್ರೈಸ್ತನಾಗಿರಲಿಲ್ಲ, ಈ ಅಂಕಣದಲ್ಲಿ ಆತನಿಗೇನು ಕೆಲಸವೆಂದು ಕೆಲವರು ಕೇಳಬಹುದು. ಪ್ರತಿವರ್ಷ ಶುಭ ಶುಕ್ರವಾರದಂದು ನಾವು ಮೊಣಕಾಲೂರಿ ಆಲಿಸುವುದು ನ್ಯಾಯಾಸನದ ಮುಂದೆ ನಿಲ್ಲಿಸಿ ಮರಣದಂಡನೆ ವಿಧಿಸಲಾದ ಒಬ್ಬ ಕೈದಿಯ ಕಥೆಯನ್ನು. ಹಾಗಿದ್ದರೂ ಎಲ್ಲಾದರೊಂದು ಘೋರ ಕೊಲೆಯ ಸುದ್ದಿ ಬಂದ ಮರುದಿನ ಗಲ್ಲು ಬೇಕೆಂದು ಕೂಗುವವರಲ್ಲಿ, ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದಲ್ಲೇ ಕುಳಿತವರೂ ಇರುತ್ತಾರೆ. ಆದ್ದರಿಂದ ನಮ್ಮ ನಾಡಿನ ಅತ್ಯಂತ ಪ್ರಸಿದ್ಧವಾದ ಗಲ್ಲಿನ ಕಥೆಯನ್ನು ನಾವೂ ಒಮ್ಮೆ ಓದಬೇಕು.

ಸಂಗೊಳ್ಳಿ ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಊರು. ರಾಯಣ್ಣನು ಹಾಲುಮತದ ಮನೆಯ ಮಗ. ತಂದೆಯ ಹೆಸರು ಭರಮಪ್ಪ. ನಾಟಕ ಚಲನಚಿತ್ರಗಳು ಆತನನ್ನು ಮಹಾಸೇನಾನಿಯಾಗಿ ತೋರಿಸಿವೆ. ವಾಸ್ತವವಾಗಿ ಆತನ ವೃತ್ತಿ ವಾಲೀಕಾರಿಕೆ, ಅಂದರೆ ಊರ ಕಾವಲು. ಅದಕ್ಕೆಂದು ಕಿತ್ತೂರು ಸಂಸ್ಥಾನವು ಬಿಟ್ಟುಕೊಟ್ಟಿದ್ದ ಮಾನ್ಯದ ಹೊಲವೇ ಮನೆಯ ಜೀವನಾಧಾರ. ಇದನ್ನು ಹೇಳುವುದರಿಂದ ಆತನ ಹಿರಿಮೆ ಕುಗ್ಗದು, ಹೆಚ್ಚುತ್ತದೆ ಎಂಬುದು ನನ್ನ ಎಣಿಕೆ.

1824ರಲ್ಲಿ ಕಿತ್ತೂರಿನ ಅರಸ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕ ಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಕೋಟೆಯೆದುರು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಡನೆ ಮರಳಿತು. ಆ ಕದನದಲ್ಲಿ ಮಡಿದ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ನಮ್ಮ ಬಳ್ಳಾರಿ ಸೀಮೆಯಲ್ಲಿ ರೈತವಾರಿ ಕಂದಾಯಕ್ಕೆ ಹೆಸರಾದ ಥಾಮಸ್ ಮನ್ರೋ ಅವರ ಬಂಧು. ಕೋಟೆ ಬಿತ್ತು. ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರವರಿ 2ರಂದು ಅವರು ಅಲ್ಲಿಯೇ ಕೊನೆಯುಸಿರೆಳೆದರು.

ಆ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ರಾಯಣ್ಣನೂ ಒಬ್ಬ. ಮುಂದೆ ಕಂಪನಿ ಸರ್ಕಾರ ಆತನನ್ನು ಬಿಡುಗಡೆ ಮಾಡಿತು. ಊರಿಗೆ ಮರಳಿದವನಿಗೆ ಹಿಂದಿನ ಬದುಕು ಸಿಗಲಿಲ್ಲ. ಮಾನ್ಯದ ಹೊಲದ ಅರ್ಧವನ್ನು ಸರ್ಕಾರ ಕಿತ್ತುಕೊಂಡಿತು, ಉಳಿದರ್ಧಕ್ಕೆ ಭಾರಿ ಕಂದಾಯ ಹೇರಿತು. ರಾಜ್ಯ ಹೋದ ನೋವಿನೊಡನೆ ಹೊಲ ಹೋದ ನೋವೂ ಸೇರಿತು. ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ಕೂರಿಸುವ ಸಂಕಲ್ಪದಿಂದ ಆತನು ಬಡ ರೈತರನ್ನೂ ಕೆಲಸ ಕಳೆದುಕೊಂಡ ವಾಲೀಕಾರರನ್ನೂ ಕೂಡಿಸಿದನು. ಅವರ ನಡುವೆ ಬಿಚ್ಚುಗತ್ತಿ ಚನ್ನಬಸಪ್ಪನೂ ಸಿದ್ದಿ ಜನಾಂಗದ ಗಜವೀರನೂ ಇದ್ದರು. ಖಾನಾಪುರ, ಬೀಡಿ, ನಂದಗಡದ ಕಾಡುಮೇಡುಗಳಲ್ಲಿ ಅಡಗಿ, ರಾತ್ರೋರಾತ್ರಿ ಎರಗಿ ಈ ಪಡೆ ಸರ್ಕಾರಿ ಕಚೇರಿಗಳನ್ನು ಸುಟ್ಟಿತು, ಖಜಾನೆಗಳನ್ನು ಲೂಟಿ ಮಾಡಿತು, ಜಮೀನುದಾರರಿಂದ ಹಣ ವಸೂಲು ಮಾಡಿತು. ಇದೊಂದನ್ನೂ ಮರೆಮಾಚಬೇಕಾಗಿಲ್ಲ. ಕಂಪನಿಯ ಕಾನೂನಿನ ಕಣ್ಣಿಗೆ ಆತನು ದರೋಡೆಕೋರ, ದಂಗೆಕೋರ.

ಎದುರಾಎದುರು ಹಿಡಿಯಲಾಗದವನನ್ನು 1830ರ ಏಪ್ರಿಲಿನಲ್ಲಿ ದ್ರೋಹದಿಂದ ಹಿಡಿದರು. ಹಳ್ಳದಲ್ಲಿ ಸ್ನಾನಕ್ಕಿಳಿದು ಬರಿಗೈಯಲ್ಲಿದ್ದಾಗ ನಂಬಿದವರೇ ಆತನನ್ನು ಒಪ್ಪಿಸಿದರೆಂದು ಲಾವಣಿಗಳು ಇಂದಿಗೂ ಹಾಡುತ್ತವೆ. ಗೆತ್ಸೆಮನಿ ತೋಪಿನ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಸುಮಾರು ಒಂಬತ್ತು ತಿಂಗಳು ಆತನು ಸರ್ಕಾರದ ವಶದಲ್ಲಿದ್ದನು. ಕೊನೆಗೆ ನಂದಗಡದ ಆಲದ ಮರವೊಂದಕ್ಕೆ ಆತನನ್ನು ನೇಣು ಹಾಕಿದರು.

ಗಲ್ಲನ್ನು ಸಮರ್ಥಿಸುವವರು ಇಲ್ಲಿ ಒಂದು ಮಾತು ಹೇಳಬಲ್ಲರು, ಅದು ಹಗುರವಾದುದಲ್ಲ. ಒಮ್ಮೆ ಕ್ಷಮಿಸಿ ಬಿಟ್ಟವನೇ ಮತ್ತೆ ದಂಗೆಯೆದ್ದನಲ್ಲವೇ? ಬಿಟ್ಟಿದ್ದು ತಪ್ಪಾಯಿತೆಂದು ಅಂದಿನ ಅಧಿಕಾರಿಗಳು ಖಂಡಿತ ಅಂದುಕೊಂಡಿರಬೇಕು. ಆದರೆ ಕೈಕಾಲಿಗೆ ಬೇಡಿ ತೊಡಿಸಿ ಒಂಬತ್ತು ತಿಂಗಳು ಕಾಪಾಡಲು ಸಾಧ್ಯವಾದವನನ್ನು ಮುಂದೆಯೂ ಕಾಪಾಡಬಹುದಾಗಿತ್ತು. ಕಡಲಾಚೆಗೆ ಗಡೀಪಾರು ಮಾಡುವ ಶಿಕ್ಷೆಯೂ ಕಂಪನಿಯ ಕೈಯಲ್ಲಿತ್ತು. ಮರಕ್ಕೆ ಕಟ್ಟಿ ತೂಗಿದ್ದು ಜನ ನೋಡಿ ಹೆದರಲೆಂದು. ಜನ ಹೆದರಲಿಲ್ಲ. ಸಮಾಧಿ ಪೂಜಾಸ್ಥಾನವಾಯಿತು. ಮೂರು ದಶಕ ಕಳೆಯುವ ಮೊದಲೇ ಹಲಗಲಿಯ ಬೇಡರು ಬಂಡೆದ್ದರು, ನರಗುಂದದ ಭಾಸ್ಕರರಾವ್ ಬಂಡೆದ್ದನು; 1858ರಲ್ಲಿ ಅದೇ ಸರ್ಕಾರ ಅವನನ್ನೂ ಬೆಳಗಾವಿಯಲ್ಲಿ ಗಲ್ಲಿಗೇರಿಸಬೇಕಾಯಿತು. ಇಂದು ಬೆಂಗಳೂರಿಗೆ ರೈಲಿನಲ್ಲಿ ಹೋಗುವ ನಮ್ಮವರು ಇಳಿಯುವ ದೊಡ್ಡ ನಿಲ್ದಾಣಕ್ಕೆ ಕಂಪನಿಯ ಕಡತದ ಆ ದರೋಡೆಕೋರನದೇ ಹೆಸರಿದೆ. ತೀರ್ಪನ್ನು ನಾಡು ತಿದ್ದಿತು. ಮನುಷ್ಯನನ್ನು ಮರಳಿ ತರಲು ಆಗಲಿಲ್ಲ.

ಕಂದಮ್ಮಗಳನ್ನು ಹಿಂಸಿಸಿ ಕೊಂದವನನ್ನು ರಾಯಣ್ಣನ ಸಾಲಿಗೆ ಸೇರಿಸುವುದು ಹೇಗೆ ಎಂದು ಯಾರಾದರೂ ಸಿಟ್ಟಾದರೆ ಆ ಸಿಟ್ಟು ನ್ಯಾಯವೇ. ಸೇರಿಸಲಾಗದು. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಕ್ಷಮೆಯ ಉಪದೇಶ ಮಾಡುವ ಧೈರ್ಯ ಈ ಲೇಖಕನಿಗಿಲ್ಲ. ಆದರೆ ಇವನು ವೀರ, ಅವನು ರಾಕ್ಷಸ ಎಂದು ವಿಂಗಡಿಸುವ ಕೆಲಸವನ್ನು ನಾವು ಒಪ್ಪಿಸುವುದು ಪ್ರಭುತ್ವಕ್ಕೆ. 1831ರ ಪ್ರಭುತ್ವಕ್ಕೆ ತನ್ನ ವಿಂಗಡಣೆಯಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ನಮ್ಮ ಧರ್ಮಸಭೆಯೂ ಈ ವಿಷಯದಲ್ಲಿ ಕೈತೊಳೆದುಕೊಳ್ಳುವಂತಿಲ್ಲ. ಕೊಳೆತ ಅಂಗವನ್ನು ದೇಹದ ಹಿತಕ್ಕಾಗಿ ಕತ್ತರಿಸುವಂತೆ ಸಮಾಜಕ್ಕೆ ಅಪಾಯಕಾರಿಯಾದವನನ್ನು ಕೊಲ್ಲಬಹುದೆಂದು ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದರು. ರಾಯಣ್ಣನು ಹುಟ್ಟಿದನೆನ್ನಲಾದ 1796ರಲ್ಲಿಯೇ ಪೋಪರ ಆಳ್ವಿಕೆಯ ರೋಮಿನಲ್ಲಿ ಬುಗಾತ್ತಿ ಎಂಬಾತನು ವಧಾಕಾರನ ಕೆಲಸಕ್ಕೆ ಸೇರಿದನು. 1864ರವರೆಗೆ ಆತನು ಕೊಂದವರ ಲೆಕ್ಕ 516. ವ್ಯಾಟಿಕನ್ ತನ್ನ ಕಾನೂನಿನಿಂದ ಮರಣದಂಡನೆಯನ್ನು ತೆಗೆದುಹಾಕಿದ್ದು 1969ರಲ್ಲಿ. 1995ರ ತಮ್ಮ ವಿಶ್ವಪತ್ರದಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು, ಅಂತಹ ಶಿಕ್ಷೆ ಅನಿವಾರ್ಯವಾಗುವ ಸಂದರ್ಭಗಳು ಇಂದು ಇಲ್ಲವೆಂಬಷ್ಟು ವಿರಳವೆಂದು ಬೋಧಿಸಿದರು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮೋಪದೇಶ ಗ್ರಂಥದ 2267ನೆಯ ಪರಿಚ್ಛೇದವನ್ನೇ ಬದಲಿಸಿ, ಮರಣದಂಡನೆಯನ್ನು ಯಾವ ಸಂದರ್ಭದಲ್ಲಿಯೂ ಒಪ್ಪಲಾಗದೆಂದು ಸಾರಿದರು. ಅತ್ಯಂತ ಘೋರ ಅಪರಾಧ ಮಾಡಿದವನಲ್ಲಿಯೂ ಮಾನವ ಘನತೆ ನಾಶವಾಗದೆಂಬುದು ಅವರು ಕೊಟ್ಟ ಕಾರಣ. ಇದು ಬಹುಕಾಲ ತಡವಾಗಿ ಬಂದ ಮಾತು.

ನಮ್ಮ ದೇಶದ ಕಾನೂನಿನಲ್ಲಿ ಮರಣದಂಡನೆ ಉಳಿದಿದೆ. ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅದನ್ನು ವಿಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಮಿತಿ ಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಶಿಕ್ಷೆ ಮುಂದುವರಿದಿದೆ.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಮೇಲೆ ಈಗ ದೊಡ್ಡದೊಂದು ಆಲದ ಮರವಿದೆ. ಬಿಚ್ಚುಗತ್ತಿ ಚನ್ನಬಸಪ್ಪನು ನೆಟ್ಟ ಸಸಿಯೇ ಹಾಗೆ ಬೆಳೆದಿದೆ ಎಂಬ ನಂಬಿಕೆಯಿದೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಬಂದು ಅದರ ಕೊಂಬೆಗಳಿಗೆ ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುತ್ತಾರೆ. ಅದೇ ಜಿಲ್ಲೆಯ ಹಿಂಡಲಗಾ ಕಾರಾಗೃಹದಲ್ಲಿ ನೇಣುಗಂಬವಿದೆ. ಅಲ್ಲಿ ಕೊನೆಯದಾಗಿ ಗಲ್ಲು ಜರುಗಿದ್ದು 1983ರಲ್ಲಿ. ಆ ಶಿಕ್ಷೆಗೆ ಗುರಿಯಾದವರು ಅಲ್ಲಿ ವರ್ಷಗಟ್ಟಲೆ ದಿನ ಎಣಿಸಿದ್ದಾರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನಮ್ಮ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದ ಸ್ವಯಂಸೇವಕರು ನಾಡಿನ ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಂಡು, ಅವರೊಡನೆ ಕುಳಿತು ಬರುತ್ತಾರೆ.