ಬಳ್ಳಾರಿ ರಾಘವ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಟಕವೆಂಬುದು ಊರಿಗೆ ಊರೇ ನೆರೆಯುವ ಸಂಗೀತದ ಹಬ್ಬವೂ ಆಗಿತ್ತು. ಹಾರ್ಮೋನಿಯಂ ನುಡಿಯಿತೆಂದರೆ ವಕೀಲರು, ವರ್ತಕರು, ಕೂಲಿಕಾರರು ಜೊತೆಯಾಗಿ ಕುಳಿತು ಇರುಳೆಲ್ಲ ಆಲಿಸುತ್ತಿದ್ದರು. ಕನ್ನಡ, ತೆಲುಗು, ಉರ್ದು ನುಡಿಗಳು ಬೆರೆತ ಬಳ್ಳಾರಿಯಲ್ಲಿ ಜನರನ್ನು ಹೀಗೆ ಒಂದುಗೂಡಿಸಿದ ಕಲೆಗೆ ಹಿರಿಮೆ ತಂದವರು ರಾಘವ.

ತಾಡಪತ್ರಿ ರಾಘವಾಚಾರ್ಯರು 1880ನೆಯ ಇಸವಿ ಆಗಸ್ಟ್ 2ರಂದು ಇಂದಿನ ಆಂಧ್ರಪ್ರದೇಶದ ತಾಡಪತ್ರಿಯಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು ಬಳ್ಳಾರಿಯ ಶಾಲೆಯಲ್ಲಿ ತೆಲುಗು ಪಂಡಿತರಾಗಿದ್ದರು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ನಾಟಕಕಾರರು. ಸರಸವಿನೋದಿನೀ ಸಭೆಯನ್ನು ಕಟ್ಟಿದವರು. ಅದೇ ಊರಿನಲ್ಲಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ಇತ್ತು. ಈ ಹಿರಿಯರಿಬ್ಬರೂ ವಕೀಲರು. ಹಗಲು ನ್ಯಾಯಾಲಯ, ಇರುಳು ರಂಗಮಂದಿರ ಎಂಬ ಅವರ ಬಾಳಿನ ಕ್ರಮವೇ ರಾಘವರದೂ ಆಯಿತು. ಮದರಾಸಿನಲ್ಲಿ ಕಾನೂನು ಓದಿ ಅವರು ಬಳ್ಳಾರಿಯಲ್ಲಿ ಹೆಸರಾಂತ ವಕೀಲರಾದರು. ಆದರೆ ಕಲೆಯನ್ನು ಜೀವನೋಪಾಯವಾಗಿಸಿಕೊಳ್ಳಲಿಲ್ಲ. ನಾಟಕಗಳನ್ನಾಡಿ ಸತ್ಕಾರ್ಯಗಳಿಗೆ ಹಣ ಕೂಡಿಸಿಕೊಟ್ಟರು.

ಅಂದಿನ ರಂಗಭೂಮಿಯಲ್ಲಿ ಹಾಡಿನದೇ ಮೇಲುಗೈ. ಪ್ರೇಕ್ಷಕರು ಒನ್ಸ್ ಮೋರ್ ಎಂದು ಕೂಗಿದರೆ, ರಣದಲ್ಲಿ ಮಡಿದ ವೀರನೂ ಎದ್ದು ನಿಂತು ಮತ್ತೊಮ್ಮೆ ಹಾಡುವುದಿತ್ತು! ರಾಘವರು ಈ ಪರಿಪಾಟಿಗೆ ಮಣಿಯಲಿಲ್ಲ. ಸಂಗೀತವು ನಾಟಕದ ಭಾವಕ್ಕೆ ಅಧೀನವಾಗಿರಬೇಕೆಂಬುದು ಅವರ ನಿಲುವು. ಮಾತು, ಮೌನ, ಕಣ್ಣೋಟಗಳಿಂದಲೇ ಅವರು ಸಭೆಯನ್ನು ಸೆರೆಹಿಡಿದರು. ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು, ಷೈಲಾಕ್ ಮೊದಲಾದವು ಅವರ ಪ್ರಸಿದ್ಧ ಪಾತ್ರಗಳು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿತ್ತು. ಆಗ ಸ್ತ್ರೀಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ವಹಿಸುತ್ತಿದ್ದರು. ಮನೆತನಸ್ಥ ಹೆಣ್ಣುಮಕ್ಕಳು ರಂಗವೇರುವುದು ಕುಲಕ್ಕೆ ಕಳಂಕವೆಂದು ಸಮಾಜ ಭಾವಿಸಿತ್ತು. ಊರಿನ ಕಲೆಯಲ್ಲಿ ಊರಿನ ಅರ್ಧದಷ್ಟು ಜನರಿಗೆ ಸ್ಥಾನವಿಲ್ಲದಿರುವುದು ರಾಘವರಿಗೆ ಸರಿಯೆನಿಸಲಿಲ್ಲ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಅಭಿನಯಿಸಬೇಕೆಂದು ಅವರು ಹಟ ಹಿಡಿದರು. ವಿದ್ಯಾವಂತ ಮಹಿಳೆಯರನ್ನು ಗೌರವದಿಂದ ಆಹ್ವಾನಿಸಿ, ತರಬೇತಿ ನೀಡಿ, ತಮ್ಮೊಡನೆ ರಂಗಕ್ಕೆ ಕರೆತಂದರು. ಕೊಮ್ಮೂರಿ ಪದ್ಮಾವತಿದೇವಿ ಅವರಲ್ಲೊಬ್ಬರು. ಸಮಾಜದಲ್ಲಿ ಮಾನ್ಯರಾಗಿದ್ದ ವಕೀಲರೊಬ್ಬರು ತಮ್ಮ ಗೌರವವನ್ನೇ ಪಣವಾಗಿಟ್ಟು ನಿಂತುದರಿಂದ ಇತರರಿಗೂ ಧೈರ್ಯ ಬಂದಿತು.

ರಾಘವರು ಇಂಗ್ಲೆಂಡಿಗೆ ತೆರಳಿ ಅಲ್ಲಿನ ರಂಗಭೂಮಿಯನ್ನು ಕಂಡರು. ನಾಟಕಕಾರ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಕೀರ್ತಿ ಕಡಲಾಚೆಗೆ ಹಬ್ಬಿದರೂ ಅವರ ಕರ್ಮಭೂಮಿ ಬಳ್ಳಾರಿಯೇ ಆಗಿತ್ತು. 1946ರ ಏಪ್ರಿಲ್ 16ರಂದು ಅವರು ನಿಧನರಾದರು.

1953ರಲ್ಲಿ ಬಳ್ಳಾರಿಯು ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ನಾಡಿನ ಎಲ್ಲೆಗಳು ಬದಲಾದವು. ಆದರೆ ರಾಘವರನ್ನು ಕನ್ನಡಿಗರೂ ತೆಲುಗರೂ ತಮ್ಮವರೆಂದೇ ನೆನೆಯುತ್ತ ಬಂದರು. 1981ರಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರವು ಅವರ ಹೆಸರನ್ನು ಹೊತ್ತು ನಿಂತಿದೆ. ಕಲಾವಿದನು ಎತ್ತರಕ್ಕೇರಿದಂತೆ ತನ್ನ ಜೊತೆಯವರನ್ನೂ ಮೇಲಕ್ಕೆತ್ತಬೇಕು. ಆಗಲೇ ಕಲೆ ಇಡೀ ಊರಿನ ಸೊತ್ತಾಗುತ್ತದೆ. ರಾಘವರ ಬಾಳು ಇದಕ್ಕೆ ಉಜ್ವಲ ನಿದರ್ಶನ.